ಐಪಿಎ ಆರಿಸುವಾಗ ಮೊದಲು ತಾರೀಖು ನೋಡಿ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಇಂದಿರಾನಗರ, ವೈಟ್‌ಫೀಲ್ಡ್ ಕಡೆಯ ಮೈಕ್ರೊಬ್ರೂವರಿಗಳಲ್ಲಿ (ತಾವೇ ಬಿಯರ್ ತಯಾರಿಸಿ ಅಲ್ಲೇ ಬಡಿಸುವ ಜಾಗಗಳಲ್ಲಿ) ಮಾತ್ರ ಕಾಣುತ್ತಿದ್ದ ‘ಐಪಿಎ’ ಎಂಬ ಮೂರಕ್ಷರ ಈಗ ಮದ್ಯದಂಗಡಿಯ ಫ್ರಿಜ್ಜಿಗೂ ಬಂದಿದೆ. ಪೂರ್ತಿ ಹೆಸರು ಇಂಡಿಯಾ ಪೇಲ್ ಏಲ್. ಬೆಲೆ ಸಾಮಾನ್ಯ ಬಿಯರಿಗಿಂತ ಹೆಚ್ಚು. ಕ್ಯಾನಿನ ಮೇಲೆ 6.2 ಶೇಕಡಾ, 55 ಐಬಿಯು, ಡ್ರೈ ಹಾಪ್ಡ್, ಹೇಜಿ, ವೆಸ್ಟ್ ಕೋಸ್ಟ್ ಎಂದು ಏನೇನೋ ಬರೆದಿರುತ್ತದೆ. ಅಂಗಡಿಯವರನ್ನು ಕೇಳಿದರೆ ‘ಸ್ವಲ್ಪ ಕಹಿ ಇರುತ್ತೆ ಸಾರ್’ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದು ಕಷ್ಟ. ಹೀಗೆ ಕೊಂಡು, ಒಂದು ಗುಟುಕು ಕುಡಿದು, ಇದು ನಮಗಲ್ಲ ಎಂದು ಬದಿಗಿಟ್ಟವರು ಬಹಳ ಮಂದಿ.

ಕಹಿ ಇಷ್ಟವಾಗದಿದ್ದರೆ ಅದು ಅವರವರ ನಾಲಿಗೆಗೆ ಬಿಟ್ಟ ವಿಷಯ. ಆದರೆ ಅವರಲ್ಲಿ ಅನೇಕರು ಕುಡಿದದ್ದು ಬಿಸಿಲಲ್ಲಿ ಕುಳಿತು, ತಿಂಗಳುಗಟ್ಟಲೆ ಕಪಾಟಿನಲ್ಲಿ ಕಾದು, ಘಮವೆಲ್ಲ ಹಾರಿಹೋಗಿ ಕಹಿಯಷ್ಟೇ ಉಳಿದ ಐಪಿಎ. ಒಳ್ಳೆಯದನ್ನು ಆರಿಸಲು ದೊಡ್ಡ ಪರಿಣತಿ ಬೇಕಿಲ್ಲ. ಈ ಬಿಯರಿನಲ್ಲಿ ರುಚಿ ಎಲ್ಲಿಂದ ಬರುತ್ತದೆ, ಹೇಗೆ ಹೊರಟುಹೋಗುತ್ತದೆ ಎಂಬುದು ತಿಳಿದರೆ ಸಾಕು.

ಮೊದಲು ಬಿಯರ್ ಎಂದರೇನು

ಬಿಯರಿಗೆ ಮುಖ್ಯವಾಗಿ ನಾಲ್ಕು ಸಾಮಗ್ರಿ: ನೀರು, ಮಾಲ್ಟ್, ಹಾಪ್, ಯೀಸ್ಟ್. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್. ಅದನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಇಟ್ಟಾಗ ಪಿಷ್ಟವೆಲ್ಲ ಸಕ್ಕರೆಯಾಗಿ ಸಿಹಿಯಾದ ರಸ ಸಿಗುತ್ತದೆ. ಅದನ್ನು ಸೋಸಿ, ಹಾಪ್ ಹಾಕಿ ಕುದಿಸಿ, ಆರಿಸಿ ಯೀಸ್ಟ್ ಸೇರಿಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ.

ಯೀಸ್ಟಿನ ಜಾತಿಯ ಮೇಲೆ ಬಿಯರಿನಲ್ಲಿ ಎರಡು ದೊಡ್ಡ ಕುಲಗಳು. ತಣ್ಣಗಿನ ವಾತಾವರಣದಲ್ಲಿ ನಿಧಾನವಾಗಿ ಹುದುಗುವುದು ಲಾಗರ್. ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಗ ಹುದುಗಿ, ಹಣ್ಣಿನ ವಾಸನೆಯ ಎಳೆಯೊಂದನ್ನು ಉಳಿಸಿಕೊಳ್ಳುವುದು ಏಲ್. ನಮ್ಮಲ್ಲಿ ಬಾರಿನಲ್ಲಿ ‘ಒಂದು ಬಿಯರ್’ ಎಂದರೆ ಬಹುತೇಕ ಬರುವುದು ಲಾಗರ್. ಐಪಿಎ ಏಲ್ ಕುಲದ್ದು. ತಿಳಿಬಣ್ಣದ ಮಾಲ್ಟಿನಿಂದ ಮಾಡಿದ್ದು ಪೇಲ್ ಏಲ್. ಅದರಲ್ಲಿ ಹಾಪ್ ಧಾರಾಳವಾಗಿದ್ದರೆ ಐಪಿಎ.

ಹಾಪ್: ಕಹಿ ಒಂದು ಕಡೆ, ಘಮ ಇನ್ನೊಂದು ಕಡೆ

ಹಾಪ್ ಒಂದು ಬಳ್ಳಿ. ಗಾಂಜಾ ಗಿಡದ ಕುಟುಂಬಕ್ಕೇ ಸೇರಿದ್ದಾದರೂ ಅದರ ಅಮಲು ಇದಕ್ಕಿಲ್ಲ. ಬಿಯರಿಗೆ ಬೇಕಾದದ್ದು ಹೆಣ್ಣು ಬಳ್ಳಿಯ ಹಸಿರು ಹೂಗೊನೆ. ಅದನ್ನು ಬೆರಳಿನಿಂದ ಬಿಡಿಸಿದರೆ ಎಸಳುಗಳ ಬುಡದಲ್ಲಿ ಹಳದಿ ಪುಡಿ ಕಾಣುತ್ತದೆ. ಅಂಗೈಯಲ್ಲಿ ಉಜ್ಜಿದರೆ ಅಂಟಂಟಾಗುತ್ತದೆ, ಮೂಗಿನ ಹತ್ತಿರ ಹಿಡಿದರೆ ಕಿತ್ತಳೆ ಸಿಪ್ಪೆಯೋ ದೇವದಾರಿನ ಅಂಟೋ ಆಗಷ್ಟೇ ಕತ್ತರಿಸಿದ ಹುಲ್ಲೋ ಎಂಬಂಥ ವಾಸನೆ. ಆ ಪುಡಿಯೇ ಲುಪುಲಿನ್. ಐಪಿಎಯ ಪ್ರಾಣ ಇರುವುದು ಅದರಲ್ಲಿ.

ಲುಪುಲಿನ್‌ನಲ್ಲಿ ಎರಡು ಬಗೆಯ ವಸ್ತುಗಳಿವೆ. ಒಂದು ಆಲ್ಫಾ ಆಮ್ಲಗಳು. ಇವು ಇದ್ದ ಹಾಗೆ ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ. ಒಂದು ಗಂಟೆಯಷ್ಟು ಕುದಿಸಿದಾಗ ರೂಪ ಬದಲಿಸಿ ಕರಗುತ್ತವೆ, ಕಹಿ ಕೊಡುತ್ತವೆ. ಇನ್ನೊಂದು ಸುಗಂಧ ತೈಲಗಳು. ಇವು ಕುದಿಸಿದರೆ ಆವಿಯ ಜೊತೆ ಹಾರಿಹೋಗುತ್ತವೆ. ಹಾಗಾಗಿ ಕಹಿಗೆ ಬೇಕಾದ ಹಾಪನ್ನು ಕುದಿ ಶುರುವಾದಾಗಲೇ ಹಾಕುತ್ತಾರೆ, ಘಮಕ್ಕೆ ಬೇಕಾದದ್ದನ್ನು ಕೊನೆಗೆ. ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಹಾಕುವವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಮುಂದೆ ಹೋಗಿ, ಒಲೆಯ ಕೆಲಸವೆಲ್ಲ ಮುಗಿದು ಬಿಯರ್ ಟ್ಯಾಂಕಿನಲ್ಲಿ ಹುದುಗುವಾಗಲೋ ಹುದುಗಿದ ಮೇಲೋ ಹಾಪ್ ಹಾಕಿ ಕೆಲವು ದಿನ ಬಿಡುವುದೂ ಉಂಟು. ಇದೇ ಡ್ರೈ ಹಾಪಿಂಗ್. ಶಾಖ ತಾಗದೆ ಇರುವುದರಿಂದ ತೈಲಗಳು ಹಾಗೆಯೇ ಬಿಯರಿಗೆ ಇಳಿಯುತ್ತವೆ. ಕ್ಯಾನಿನ ಮೇಲೆ ‘ಡ್ರೈ ಹಾಪ್ಡ್’ ಎಂದಿದ್ದರೆ ಮೂಗಿಗೆ ಹೆಚ್ಚಿನ ಕೆಲಸವಿದೆ ಎಂದು ಅರ್ಥ ಮಾಡಿಕೊಳ್ಳಿ.

ಮಾವಿನ ವಾಸನೆ ಬಂದರೆ ಮಾವಿನ ಹಣ್ಣು ಹಾಕಿದ್ದಾರೆ ಎಂದು ಅನುಮಾನಿಸುವವರಿದ್ದಾರೆ. ಸಾಮಾನ್ಯವಾಗಿ ಹಾಗೇನೂ ಇರುವುದಿಲ್ಲ. ಹಾಪ್ ತೈಲದಲ್ಲಿ ಹೇರಳವಾಗಿರುವ ಮಿರ್ಸೀನ್ ಮಾವಿನಲ್ಲೂ ಇದೆ. ಲಿನಲೂಲ್ ಎಂಬುದು ನಮ್ಮ ಕೊತ್ತಂಬರಿ ಬೀಜದ ತೈಲದ ಮುಖ್ಯ ಅಂಶ. ಜೆರಾನಿಯಾಲ್ ಗುಲಾಬಿಯಲ್ಲಿದೆ. ಅಮೆರಿಕದ ಕ್ಯಾಸ್ಕೇಡ್ ಎಂಬ ಹಾಪ್ ತಳಿಗೆ ಗ್ರೇಪ್‌ಫ್ರೂಟಿನ ವಾಸನೆ ಎಂದು ಎಲ್ಲ ಕಡೆ ಬರೆದಿರುತ್ತದೆ. ಆ ಹಣ್ಣನ್ನು ತಿಂದೇ ಇಲ್ಲದವರು ದೇವನಹಳ್ಳಿಯ ಚಕ್ಕೋತವನ್ನು ನೆನೆಸಿಕೊಳ್ಳಬಹುದು. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಮಿಶ್ರಣದಿಂದ.

ಹೆಸರಿನಲ್ಲಿ ಇಂಡಿಯಾ ಏಕೆ

ಇದು ಭಾರತದಲ್ಲಿ ಹುಟ್ಟಿದ ಬಿಯರ್ ಅಲ್ಲ, ಭಾರತಕ್ಕೆಂದು ಹಡಗು ಹತ್ತಿದ ಬಿಯರ್. ಲಂಡನ್ನಿನ ಪೂರ್ವಕ್ಕೆ ಬೋ ಎಂಬಲ್ಲಿ ಜಾರ್ಜ್ ಹಾಡ್ಜ್‌ಸನ್ ಎಂಬಾತ 1752ರಲ್ಲಿ ಬ್ರೂವರಿ ಶುರು ಮಾಡಿದ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಜಾಗ ಅಲ್ಲಿಗೆ ಹತ್ತಿರ. ಹಡಗಿನ ಕ್ಯಾಪ್ಟನ್‌ಗಳಿಗೆ ಸ್ವಂತ ವ್ಯಾಪಾರಕ್ಕೆ ಒಂದಿಷ್ಟು ಸರಕು ಒಯ್ಯುವ ಅವಕಾಶವಿತ್ತು. ಹಾಡ್ಜ್‌ಸನ್ ಅವರಿಗೆ ತಿಂಗಳುಗಟ್ಟಲೆ ಸಾಲದ ಮೇಲೆ ಬಿಯರ್ ಕೊಡುತ್ತಿದ್ದ. ಕಲ್ಕತ್ತ, ಮದ್ರಾಸು, ಬೊಂಬಾಯಿಗಳಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಅದನ್ನು ಕೊಳ್ಳುತ್ತಿದ್ದರು.

‘ಸಾಮಾನ್ಯ ಬಿಯರ್ ದಾರಿಯಲ್ಲಿ ಕೆಡುತ್ತಿತ್ತು, ಅದಕ್ಕಾಗಿ ಹಾಡ್ಜ್‌ಸನ್ ಹಾಪ್ ಹೆಚ್ಚಿಸಿ ಐಪಿಎ ಕಂಡುಹಿಡಿದ’ ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಪೋರ್ಟರ್ ಎಂಬ ಕಪ್ಪು ಬಿಯರ್ ಕೂಡ ಅದೇ ಹಡಗುಗಳಲ್ಲಿ ಬಂದು ಸೈನಿಕರ ಲೋಟ ತುಂಬುತ್ತಿತ್ತು. ದೂರ ಪ್ರಯಾಣದ ಬಿಯರಿಗೆ ಹಾಪ್ ಹೆಚ್ಚು ಹಾಕಬೇಕೆಂಬುದು ಹಾಡ್ಜ್‌ಸನ್‌ಗಿಂತ ಮೊದಲೇ ಬ್ರೂವರಿಗಳಿಗೆ ಗೊತ್ತಿತ್ತು. ಆತ ಕಳಿಸಿದ್ದು ಇಂಗ್ಲೆಂಡಿನಲ್ಲಿ ಆಗಲೇ ಇದ್ದ, ಕೂಡಿಟ್ಟು ಹದವಾಗಿಸುವ ಅಕ್ಟೋಬರ್ ಏಲ್‌ನಂಥ ಬಿಯರನ್ನೇ. ಗುಡ್‌ಹೋಪ್ ಭೂಶಿರವನ್ನು ಸುತ್ತಿ, ಎರಡು ಸಲ ಸಮಭಾಜಕ ವೃತ್ತ ದಾಟಿ, ನಾಲ್ಕರಿಂದ ಆರು ತಿಂಗಳು ಪೀಪಾಯಿಯಲ್ಲಿ ತೂಗಾಡಿಕೊಂಡು ಬರುವಷ್ಟರಲ್ಲಿ ಅದು ಬೇಗ ಹದಗೊಳ್ಳುತ್ತಿತ್ತು.

1820ರ ದಶಕದ ಆರಂಭದಲ್ಲಿ ಹಾಡ್ಜ್‌ಸನ್ ವಾರಸುದಾರರು ಕ್ಯಾಪ್ಟನ್‌ಗಳನ್ನು ಬದಿಗೆ ಸರಿಸಿ ತಾವೇ ರಫ್ತು ಮಾಡಲು ಹೊರಟರು. ಕಂಪನಿಯವರು ಸಿಟ್ಟಾಗಿ ಬರ್ಟನ್ ಆನ್ ಟ್ರೆಂಟ್ ಊರಿನ ಸ್ಯಾಮ್ಯುಯಲ್ ಆಲ್ಸಪ್ ಬಳಿ ಅಂಥದೇ ಬಿಯರ್ ಮಾಡಿಕೊಡುವಂತೆ ಕೇಳಿದರು. ರಷ್ಯಾದ ಸುಂಕದಿಂದ ವ್ಯಾಪಾರ ಕಳೆದುಕೊಂಡಿದ್ದ ಆಲ್ಸಪ್ ಒಪ್ಪಿಕೊಂಡ. ಬರ್ಟನ್ನಿನ ಬಾವಿ ನೀರಿನಲ್ಲಿ ಜಿಪ್ಸಂ ಬಹಳ. ಆ ಸಲ್ಫೇಟ್ ಹಾಪಿನ ಕಹಿಯನ್ನು ಒಣಗಿದ, ಚೊಕ್ಕ ಕಹಿಯನ್ನಾಗಿ ಎತ್ತಿ ತೋರಿಸುತ್ತದೆ. ಬಾಸ್ ಮುಂತಾದ ಬ್ರೂವರಿಗಳೂ ಜೊತೆಗೂಡಿ ಬರ್ಟನ್ ಊರು ಈ ಬಿಯರಿನ ತವರಾಯಿತು. ಇಂದಿಗೂ ಬೇರೆ ಊರಿನ ಬ್ರೂವರಿಗಳು ನೀರಿಗೆ ಜಿಪ್ಸಂ ಬೆರೆಸಿ ಆ ಗುಣ ತಂದುಕೊಳ್ಳುತ್ತವೆ.

ಈ ಇತಿಹಾಸದಿಂದ ಒಂದು ತಪ್ಪು ತಿಳಿವಳಿಕೆಯೂ ಹುಟ್ಟಿದೆ: ಐಪಿಎ ಎಷ್ಟು ದಿನ ಇಟ್ಟರೂ ಕೆಡದು ಎಂಬುದು. ಅಂದಿನ ಐಪಿಎಯನ್ನು ಹಳೆಯದಾಗಲೆಂದೇ ಮಾಡುತ್ತಿದ್ದರು. ಇಂದಿನದನ್ನು ಹಾಗೆ ಮಾಡುವುದಿಲ್ಲ.

ಅಮೆರಿಕದಲ್ಲಿ ಬಂದ ತಿರುವು

ಇಪ್ಪತ್ತನೆಯ ಶತಮಾನದಲ್ಲಿ ಐಪಿಎ ಸೊರಗಿತು. ಇಂಗ್ಲೆಂಡಿನಲ್ಲಿ ಹೆಸರು ಉಳಿದರೂ ಬಿಯರ್ ತೆಳುವಾಯಿತು. ಭಾರತ ಲಾಗರ್ ಕಡೆ ವಾಲಿತು. ಮತ್ತೆ ಜೀವ ಬಂದದ್ದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ. 1972ರಲ್ಲಿ ಕ್ಯಾಸ್ಕೇಡ್ ಹಾಪ್ ತಳಿ ಬಿಡುಗಡೆಯಾಯಿತು. 1975ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಆ್ಯಂಕರ್ ಬ್ರೂವರಿ ಅದನ್ನು ಬಳಸಿ ಲಿಬರ್ಟಿ ಏಲ್ ತಂದಿತು. ಇಂಗ್ಲೆಂಡಿನ ಹಾಪ್‌ಗಳಲ್ಲಿ ಮಣ್ಣು, ಮೂಲಿಕೆ, ಹೂವಿನ ಮೆಲುವಾದ ವಾಸನೆ. ಕ್ಯಾಸ್ಕೇಡ್‌ನಲ್ಲಿ ಎದ್ದು ಹೊಡೆಯುವ ನಿಂಬೆ ಜಾತಿಯ ಹಣ್ಣಿನ ಘಮ. ಆಮೇಲೆ ಸೆಂಟೆನಿಯಲ್, ಸಿಮ್ಕೊ, ಸಿಟ್ರಾ, ಮೊಸಾಯಿಕ್ ತಳಿಗಳು ಬಂದವು. ಆಸ್ಟ್ರೇಲಿಯಾದಿಂದ ಗ್ಯಾಲಕ್ಸಿ, ನ್ಯೂಜಿಲೆಂಡಿನಿಂದ ನೆಲ್ಸನ್ ಸಾವಿನ್. ಕ್ಯಾನಿನ ಮೇಲೆ ಈ ಹೆಸರುಗಳಿದ್ದರೆ ಅವು ಊರಿನವೂ ಅಲ್ಲ, ಕಂಪನಿಯವೂ ಅಲ್ಲ, ಹಾಪ್ ತಳಿಗಳವು. ಒಂದು ಐಪಿಎ ಇಷ್ಟವಾದರೆ ಅದರ ಹಾಪ್ ಹೆಸರು ಬರೆದಿಟ್ಟುಕೊಳ್ಳಿ. ಮುಂದಿನ ಸಲ ಬ್ರ್ಯಾಂಡಿಗಿಂತ ಅದೇ ಒಳ್ಳೆಯ ದಾರಿ ತೋರುತ್ತದೆ.

ಯಾವ ಬಗೆ ಯಾರಿಗೆ

ಇಂಗ್ಲಿಷ್ ಐಪಿಎಯಲ್ಲಿ ಮಾಲ್ಟಿನ ಬ್ರೆಡ್ಡು, ಬಿಸ್ಕತ್ತಿನ ರುಚಿ ಚೆನ್ನಾಗಿ ತಿಳಿಯುತ್ತದೆ. ಕಹಿಯೂ ಇದೆ, ಆದರೆ ಮಾಲ್ಟ್ ಅದನ್ನು ಹಿಡಿದು ನಿಲ್ಲಿಸುತ್ತದೆ. ನಮ್ಮಲ್ಲಿ ಸಿಗುವುದು ಅಪರೂಪ.

ವೆಸ್ಟ್ ಕೋಸ್ಟ್ ಐಪಿಎ ತಿಳಿಯಾಗಿ, ಹೊಂಬಣ್ಣವಾಗಿರುತ್ತದೆ. ಸಿಹಿ ಕಡಿಮೆ, ಕಹಿ ಖಚಿತ, ವಾಸನೆ ಚಕ್ಕೋತ ಮತ್ತು ದೇವದಾರಿನದು. ಸಕ್ಕರೆ ಹಾಕದ ಕಾಫಿ ಕುಡಿದು ಅಭ್ಯಾಸವಿರುವವರು ಇದಕ್ಕೆ ಬೇಗ ಒಗ್ಗುತ್ತಾರೆ.

ಹೇಜಿ ಅಥವಾ ನ್ಯೂ ಇಂಗ್ಲೆಂಡ್ ಐಪಿಎ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಬೆಳೆದದ್ದು. ದಿ ಆಲ್ಕೆಮಿಸ್ಟ್ ಬ್ರೂವರಿಯ ಹೆಡಿ ಟಾಪರ್ ಇದರ ಹಿರಿಯ. ಓಟ್ಸ್, ಗೋಧಿ ಸೇರಿಸುವುದರಿಂದ ಮತ್ತು ಹಾಪನ್ನು ಬಹುತೇಕ ಕೊನೆಯಲ್ಲೇ ಹಾಕುವುದರಿಂದ ನೋಡಲು ಹಣ್ಣಿನ ರಸದಷ್ಟು ಮಬ್ಬು, ಬಾಯಿಗೆ ಮೃದು, ಕಹಿ ಕಡಿಮೆ, ಮಾವು–ಅನಾನಸಿನ ಘಮ ಹೆಚ್ಚು. ಆ ಮಬ್ಬನ್ನು ಕಂಡು ಕೆಟ್ಟಿದೆ ಎಂದು ವಾಪಸು ಕಳಿಸಬೇಡಿ. ಮೊದಲ ಐಪಿಎ ಆರಿಸುವವರಿಗೆ ನಾನು ಸೂಚಿಸುವುದು ಇದನ್ನೇ, ಆದರೆ ತಾಜಾ ಸಿಕ್ಕರೆ ಮಾತ್ರ.

ಸೆಷನ್ ಐಪಿಎಯಲ್ಲಿ ಹಾಪ್ ಘಮ ಇದ್ದರೂ ಆಲ್ಕೋಹಾಲ್ ಸುಮಾರು ಐದು ಶೇಕಡಾದ ಒಳಗೆ. ಡಬಲ್ ಐಪಿಎ 7.5ರಿಂದ 10 ಶೇಕಡಾವರೆಗೂ ಹೋಗುತ್ತದೆ. ಭಾರತದ ಆಹಾರ ಸುರಕ್ಷತಾ ನಿಯಮ ಬಿಯರಿಗೆ ಹಾಕಿರುವ ಮಿತಿ 8 ಶೇಕಡಾ ಆದ್ದರಿಂದ ಅದರ ಭಾರಿ ರೂಪಗಳು ಇಲ್ಲಿ ಕಾಣುವುದಿಲ್ಲ. ಇದೇ ನಿಯಮದ ಪ್ರಕಾರ 5 ಶೇಕಡಾ ಮೀರಿದ್ದೆಲ್ಲ ‘ಸ್ಟ್ರಾಂಗ್’. ಐಪಿಎ ಕ್ಯಾನಿನ ಮೇಲೆ ಆ ಪದ ಕಂಡರೆ ಅದು ಆಲ್ಕೋಹಾಲ್ ಪ್ರಮಾಣದ ವರ್ಗ ಮಾತ್ರ. ಅಗ್ಗದ ಸ್ಟ್ರಾಂಗ್ ಲಾಗರಿಗೂ ಇದಕ್ಕೂ ರುಚಿಯಲ್ಲಿ ನಂಟಿಲ್ಲ.

ಐಬಿಯು ಎಂಬ ಅಂಕಿ

ಐಬಿಯು ಎಂದರೆ ಕಹಿಯ ಅಳತೆ. ಸ್ಥೂಲವಾಗಿ ಒಂದು ಲೀಟರ್ ಬಿಯರಿನಲ್ಲಿ ಕಹಿ ಆಮ್ಲ ಎಷ್ಟು ಮಿಲಿಗ್ರಾಂ ಇದೆ ಎಂಬುದು. ಹಗುರ ಲಾಗರ್‌ಗಳಲ್ಲಿ 10ರಿಂದ 20, ಅಮೆರಿಕನ್ ಐಪಿಎಯಲ್ಲಿ 40ರಿಂದ 70 ಸಾಮಾನ್ಯ. ಆದರೆ ನಾಲಿಗೆಗೆ ತಿಳಿಯುವ ಕಹಿ ಈ ಅಂಕಿಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಮಾಲ್ಟಿನ ಸಿಹಿ ಹೆಚ್ಚಿದ್ದರೆ 60 ಐಬಿಯು ಬಿಯರ್ ಕೂಡ ಮೆದುವೆನಿಸುತ್ತದೆ. ಸಿಹಿಯೇ ಇಲ್ಲದ 40 ಐಬಿಯು ಬಿಯರ್ ಚುರುಕ್ಕೆನ್ನುತ್ತದೆ. ಅಂಕಿ ಹೆಚ್ಚಿದಷ್ಟೂ ಗುಣಮಟ್ಟ ಹೆಚ್ಚು ಎಂಬುದಂತೂ ಸುಳ್ಳು.

ಘಮ ಹೇಗೆ ಹೋಗುತ್ತದೆ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಹಾಪ್ ಘಮಕ್ಕೆ ಮೂರು ಶತ್ರುಗಳು: ಆಮ್ಲಜನಕ, ಶಾಖ, ಬೆಳಕು.

ತುಂಬುವಾಗ ಎಷ್ಟೇ ಎಚ್ಚರ ವಹಿಸಿದರೂ ಬಾಟಲಿಯೊಳಗೆ ಸ್ವಲ್ಪ ಆಮ್ಲಜನಕ ಉಳಿಯುತ್ತದೆ. ಅದು ಮೊದಲು ಮುರಿಯುವುದು ಹಾಪಿನ ಸೂಕ್ಷ್ಮ ಸುವಾಸನೆಗಳನ್ನು. ಹಣ್ಣಿನ ಘಮ ಮಂಕಾಗುತ್ತದೆ, ಆಮೇಲೆ ಜೇನಿನಂಥ ಜಡ ಸಿಹಿವಾಸನೆ, ಕೊನೆಗೆ ನೆನೆದ ರಟ್ಟಿನ ವಾಸನೆ. ಹೇಜಿ ಐಪಿಎಯಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಹಳದಿ ಬಣ್ಣ ಹೋಗಿ ಕೆಸರಿನ ಕಂದು ಬರುತ್ತದೆ.

ಶಾಖ ಈ ಕೆಲಸವನ್ನು ಚುರುಕುಗೊಳಿಸುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಎರಡು–ಮೂರು ಪಟ್ಟಾಗುತ್ತದೆ ಎಂಬುದು ಬ್ರೂವರಿಗಳ ಲೆಕ್ಕ. ನಾಲ್ಕು ಡಿಗ್ರಿಯ ಫ್ರಿಜ್ಜಿನಲ್ಲಿದ್ದ ಕ್ಯಾನಿಗೂ ಏಪ್ರಿಲ್ ತಿಂಗಳ ಗೋದಾಮಿನಲ್ಲಿ 34 ಡಿಗ್ರಿಯಲ್ಲಿದ್ದ ಕ್ಯಾನಿಗೂ ಎಷ್ಟು ಅಂತರವೆಂದು ನೀವೇ ಲೆಕ್ಕ ಹಾಕಬಹುದು. ತಾರೀಖು ಒಂದೇ ಇದ್ದರೂ ಅವೆರಡು ಬೇರೆಯೇ ಬಿಯರುಗಳು.

ಬೆಳಕು ಇನ್ನೊಂದು ರೀತಿ ಕೆಡಿಸುತ್ತದೆ. ಹಾಪಿನ ಕಹಿ ಅಂಶ ಬೆಳಕಿಗೆ ಒಡೆದು, ಬಿಯರಿನಲ್ಲಿರುವ ಗಂಧಕದ ಅಂಶದೊಂದಿಗೆ ಸೇರಿ ಒಂದು ನಾತದ ವಸ್ತುವಾಗುತ್ತದೆ. ಕಂದು ಗಾಜು ಬೆಳಕನ್ನು ಸಾಕಷ್ಟು ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯದು, ಬಿಳಿ ಗಾಜಂತೂ ಏನೂ ಮಾಡದು. ಕ್ಯಾನಿನೊಳಗೆ ಬೆಳಕು ಹೋಗುವ ಮಾತೇ ಇಲ್ಲ. ಕ್ಯಾನ್ ಅಗ್ಗದ ಬಿಯರಿನ ಗುರುತು ಎಂದು ಭಾವಿಸಿ ಬಾಟಲಿ ಹುಡುಕುವವರು ಐಪಿಎ ವಿಷಯದಲ್ಲಿ ಆ ಅಭಿಪ್ರಾಯ ಬಿಡುವುದು ಒಳ್ಳೆಯದು.

ಆದ್ದರಿಂದ ಅಂಗಡಿಯಲ್ಲಿ ಮೊದಲು ಕ್ಯಾನನ್ನು ತಿರುಗಿಸಿ ತಯಾರಾದ ತಾರೀಖು ಹುಡುಕಿ. ಹೇಜಿ ಐಪಿಎ ಆದರೆ ಒಂದು–ಒಂದೂವರೆ ತಿಂಗಳೊಳಗಿನದು ಉತ್ತಮ. ಮಿಕ್ಕವು ತಂಪಿನಲ್ಲಿದ್ದರೆ ಮೂರು ತಿಂಗಳವರೆಗೂ ಚೆನ್ನಾಗಿರುತ್ತವೆ. ‘ಬೆಸ್ಟ್ ಬಿಫೋರ್’ ಇನ್ನೂ ದೂರವಿದೆ ಎಂದು ಸಮಾಧಾನ ಪಡಬೇಡಿ. ಆ ಗಡುವಿನೊಳಗೆ ಕುಡಿದರೆ ಅಪಾಯವಿರಲಿಕ್ಕಿಲ್ಲ, ಘಮ ಇರುತ್ತದೆಂಬ ಭರವಸೆ ಅದರಲ್ಲಿಲ್ಲ. ಅಮೆರಿಕದಿಂದ ಬಂದದ್ದಾದರೆ ತಿಂಗಳು ಮೊದಲು, ದಿನ ಆಮೇಲೆ ಬರೆಯುತ್ತಾರೆ ಎಂಬುದನ್ನು ಮರೆಯಬೇಡಿ. 03/07 ಎಂದರೆ ಅಲ್ಲಿ ಮಾರ್ಚ್ 7. ಜುಲೈ ಎಂದುಕೊಂಡರೆ ನಾಲ್ಕು ತಿಂಗಳ ಹಳೆಯದನ್ನು ಹೊಸದೆಂದು ಕೊಂಡಂತಾಗುತ್ತದೆ.

ಹೆಸರಾಂತ ವಿದೇಶಿ ಐಪಿಎ ಹಡಗಿನಲ್ಲಿ ಬಂದು, ಬಂದರಿನಲ್ಲಿ ನಿಂತು, ಗೋದಾಮು ದಾಟಿ ಅಂಗಡಿ ಸೇರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ನಮ್ಮೂರಿನಲ್ಲೇ ತಯಾರಾದ, ಅಷ್ಟೇನೂ ಹೆಸರಿಲ್ಲದ ಐಪಿಎ ಹತ್ತು ದಿನದ್ದಾಗಿದ್ದರೆ ನಾನು ಕೈ ಹಾಕುವುದು ಅದಕ್ಕೇ.

ಮೈಕ್ರೊಬ್ರೂವರಿಯಲ್ಲಿ ಏನು ಕೇಳಬೇಕು

ಈ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು. 2010ರ ಆಸುಪಾಸಿನಲ್ಲಿ ಶುರುವಾದ ಮೈಕ್ರೊಬ್ರೂವರಿಗಳಿಂದಾಗಿ ಅಲ್ಲೇ ತಯಾರಾದ ಬಿಯರ್ ಅಲ್ಲೇ ಗ್ಲಾಸಿಗೆ ಬೀಳುತ್ತದೆ. ಟಾಯ್ಟ್, ವಿಂಡ್‌ಮಿಲ್ಸ್, ಅಮೆರಿಕದ ಮಿಷಿಗನ್ ಮೂಲದ ಆರ್ಬರ್ ಮುಂತಾದವು ಈ ನಗರಕ್ಕೆ ಏಲ್ ರುಚಿ ಹಚ್ಚಿದವು. ಹಡಗಿಲ್ಲ, ಗೋದಾಮಿಲ್ಲ, ಬಿಸಿಲಿಲ್ಲ.

ಆದರೂ ಎರಡು ಪ್ರಶ್ನೆ ಕೇಳಿ. ಈ ಐಪಿಎ ಟ್ಯಾಪಿಗೆ ಬಂದು ಎಷ್ಟು ದಿನವಾಯಿತು? ಯಾವ ಹಾಪ್ ಹಾಕಿದ್ದಾರೆ? ಪ್ರೀತಿಯಿಂದ ಬಿಯರ್ ಮಾಡುವ ಜಾಗದಲ್ಲಿ ಬಡಿಸುವವರಿಗೆ ಉತ್ತರ ಗೊತ್ತಿರುತ್ತದೆ, ಇಲ್ಲದಿದ್ದರೆ ಒಳಗೆ ಹೋಗಿ ಕೇಳಿ ಬರುತ್ತಾರೆ. ದೊಡ್ಡ ಗ್ಲಾಸಿಗೆ ಮೊದಲು ರುಚಿ ನೋಡಲು ಸ್ವಲ್ಪ ಕೊಡಿ ಎನ್ನಲು ಸಂಕೋಚ ಬೇಡ. ಬಹಳ ಕಡೆ ಕೊಡುತ್ತಾರೆ. ಹಲವು ಬಗೆಯ ಚಿಕ್ಕ ಗ್ಲಾಸುಗಳ ತಟ್ಟೆ ತರಿಸಿದರೆ ಐಪಿಎಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಕುಡಿದರೆ ಮಿಕ್ಕವುಗಳ ರುಚಿ ತಿಳಿಯುವುದಿಲ್ಲ.

ಗ್ಲಾಸು, ಊಟ, ಪ್ರಮಾಣ

ಕ್ಯಾನಿನಿಂದ ನೇರವಾಗಿ ಕುಡಿದರೆ ಮೂಗಿಗೆ ಏನೂ ಸಿಗುವುದಿಲ್ಲ. ಮೇಲೆ ಕಿರಿದಾಗುವ ಗ್ಲಾಸು, ಇಲ್ಲದಿದ್ದರೆ ವೈನ್ ಗ್ಲಾಸು, ಎರಡು ಬೆರಳಿನಷ್ಟು ನೊರೆ, 7ರಿಂದ 10 ಡಿಗ್ರಿ ತಂಪು. ಫ್ರೀಜರಿನಲ್ಲಿಟ್ಟು ಮಂಜು ಹಿಡಿದ ಮಗ್ಗಿನಲ್ಲಿ ಘಮ ಮುದುಡಿಕೊಳ್ಳುತ್ತದೆ. ಸುರಿದ ಮೇಲೆ ಐದು ನಿಮಿಷ ಬಿಟ್ಟರೆ ವಾಸನೆ ಬಿಚ್ಚಿಕೊಳ್ಳುವುದನ್ನು ನೀವೇ ಗಮನಿಸಬಹುದು.

ಊಟದಲ್ಲಿ ಒಂದು ಎಚ್ಚರಿಕೆ. ಕಹಿ, ಆಲ್ಕೋಹಾಲ್, ಗ್ಯಾಸು ಮೂರೂ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತವೆ. ಗುಂಟೂರು ಖಾರದ ಚಿಲ್ಲಿ ಚಿಕನ್ ಜೊತೆ ವೆಸ್ಟ್ ಕೋಸ್ಟ್ ಐಪಿಎ ಕುಡಿದರೆ ಬಾಯಿ ಹೊತ್ತಿಕೊಳ್ಳುತ್ತದೆ. ಅಲ್ಲಿ ಹೇಜಿ ವಾಸಿ. ಎಣ್ಣೆ, ಜಿಡ್ಡು ಇರುವ ಖಾದ್ಯಕ್ಕೆ ಮಾತ್ರ ಕಹಿ ಐಪಿಎ ಹೇಳಿ ಮಾಡಿಸಿದ ಜೋಡಿ. ತವಾದಲ್ಲಿ ಹುರಿದ ಅಂಜಲ್, ಈರುಳ್ಳಿ ಬಜ್ಜಿ, ಹದವಾದ ಖಾರದ ಕಬಾಬ್ ತಿಂದು ಒಂದು ಗುಟುಕು ಕುಡಿದರೆ ನಾಲಿಗೆಯ ಜಿಡ್ಡೆಲ್ಲ ತೊಳೆದುಹೋಗುತ್ತದೆ.

ಪ್ರಮಾಣದ ಲೆಕ್ಕ ಸರಳ. 6.5 ಶೇಕಡಾ ಇರುವ 500 ಮಿಲಿಲೀಟರ್ ಐಪಿಎಯಲ್ಲಿ ಶುದ್ಧ ಆಲ್ಕೋಹಾಲ್ 32.5 ಮಿಲಿಲೀಟರ್. 5 ಶೇಕಡಾ ಲಾಗರಿನ 650 ಮಿಲಿಲೀಟರ್ ದೊಡ್ಡ ಬಾಟಲಿಯಲ್ಲಿ ಇರುವುದೂ ಅಷ್ಟೇ. ಎಂದಿನಂತೆ ‘ಎರಡು ಬಿಯರ್’ ಎಂದು ಎಣಿಸುವವರು ಗ್ಲಾಸಿನ ಗಾತ್ರದ ಜೊತೆ ಶೇಕಡಾವನ್ನೂ ಗುಣಿಸಬೇಕು. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ; ಒಂದೇ ಗ್ಲಾಸಿನಲ್ಲಿ ಅದನ್ನು ಮೀರಬಹುದು. ಬರುವಾಗಲೇ ಗಾಡಿ ಮನೆಯಲ್ಲಿ ಬಿಟ್ಟು ಬನ್ನಿ.

ಮನೆಗೆ ಒಯ್ಯುವುದಾದರೆ ಆ ವಾರ ಕುಡಿಯುವಷ್ಟನ್ನೇ ಕೊಳ್ಳಿ, ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿಡಿ, ತೆರೆದದ್ದನ್ನು ಅಂದೇ ಮುಗಿಸಿ. ಹಬ್ಬಕ್ಕೋ ಗೆಳೆಯರ ಬರವಿಗೋ ತಿಂಗಳುಗಟ್ಟಲೆ ಎತ್ತಿಡಬೇಕೆಂದಿದ್ದರೆ ಐಪಿಎ ಬಿಟ್ಟು ಆಲ್ಕೋಹಾಲ್ ಹೆಚ್ಚಿರುವ ಸ್ಟೌಟ್ ಎಂಬ ಗಟ್ಟಿ ಕಪ್ಪು ಬಿಯರ್ ಕೊಳ್ಳಿ, ಅದು ಕಾಯುತ್ತದೆ.